ಕೇಳಿ–ಹೇಳಿ: ನಿಯಮ ಮೊದಲೋ, ಫಲ ಮೊದಲೋ?

ಪ್ರಶ್ನೆ: ನೀತಿಶಾಸ್ತ್ರದಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಅಂದರೆ ಕರ್ತವ್ಯ, ಇಂಗ್ಲಿಷ್ ತತ್ವಜ್ಞಾನಿ ಬೆಂಥಮ್ ಅಂದರೆ ಫಲ ಎಂದು ಬಾಯಿಪಾಠ ಮಾಡಿದ್ದೇನೆ. ಆದರೆ ಪರೀಕ್ಷೆಯಲ್ಲಿ ಪ್ರಕರಣ ಎದುರಿಗೆ ಬಂದಾಗ ಎರಡೂ ಒಂದೇ ಉತ್ತರ ಕೊಡುವಂತೆ ಕಾಣುತ್ತದೆ. ವ್ಯತ್ಯಾಸ ಎಲ್ಲಿದೆ?
— ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿರುವವರು, ಧಾರವಾಡ

ಉತ್ತರ: ಬಹಳಷ್ಟು ಸಲ ಉತ್ತರ ಒಂದೇ ಬರುತ್ತದೆ, ಗಾಬರಿಯಾಗಬೇಡಿ. ಲಂಚ ತಿನ್ನಬೇಡ ಎಂದು ಇಬ್ಬರೂ ಹೇಳುತ್ತಾರೆ. ಅವರು ಬೇರೆಯಾಗುವುದು ಮೊದಲು ಏನನ್ನು ಕೇಳುತ್ತಾರೆ ಎಂಬಲ್ಲಿ.

ಕಾಂಟ್ 1785ರಲ್ಲಿ ಕೊಟ್ಟ ಉದಾಹರಣೆ ತೆಗೆದುಕೊಳ್ಳಿ: ತೀರಿಸಲಾಗದು ಎಂದು ಗೊತ್ತಿದ್ದೂ ತೀರಿಸುತ್ತೇನೆಂದು ಮಾತು ಕೊಟ್ಟು ಸಾಲ ಎತ್ತುವುದು. ಮೊದಲು ನಿಮ್ಮ ನಿಯಮವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಯಾವ ಸಂದರ್ಭ, ಏನು ಮಾಡುತ್ತೇನೆ, ಯಾತಕ್ಕೆ, ಮೂರೂ ಅದರಲ್ಲಿರಬೇಕು. ಆಮೇಲೆ ಎಲ್ಲರೂ ಇದನ್ನೇ ಪಾಲಿಸುವ ಲೋಕವನ್ನು ಊಹಿಸಿ. ಅಲ್ಲಿ ಸಾಲದ ಮಾತನ್ನು ಯಾರೂ ನಂಬುವುದಿಲ್ಲ, ನಿಮ್ಮ ಉಪಾಯವೇ ನಡೆಯುವುದಿಲ್ಲ. ಇಲ್ಲೇ ವಿದ್ಯಾರ್ಥಿಗಳು ಜಾರುತ್ತಾರೆ: ‘ಸಮಾಜಕ್ಕೆ ನಷ್ಟ, ಆದ್ದರಿಂದ ತಪ್ಪು’ ಎಂದು ಬರೆದುಬಿಡುತ್ತಾರೆ. ಅದು ಬೆಂಥಮ್‌ನ ಉತ್ತರ. ಕಾಂಟ್ ಹೇಳುವುದು ನಿಯಮ ತನ್ನನ್ನು ತಾನೇ ಮುರಿದುಕೊಳ್ಳುತ್ತದೆ ಎಂದು. ನಷ್ಟದ ಲೆಕ್ಕ ಅವನಿಗೆ ಬೇಕಿಲ್ಲ.

ಬೆಂಥಮ್ 1789ರಲ್ಲಿ ಸುಖದುಃಖ ಅಳೆಯಲು ಏಳು ಅಳತೆ ಕೊಟ್ಟ: ತೀವ್ರತೆ, ಅವಧಿ, ಖಚಿತತೆ, ಸಾಮೀಪ್ಯ, ಮತ್ತಷ್ಟು ಸುಖ ಹುಟ್ಟಿಸುವ ಶಕ್ತಿ, ದುಃಖ ಬೆರೆಯದಿರುವಿಕೆ, ಎಷ್ಟು ಜನಕ್ಕೆ ತಟ್ಟುತ್ತದೆ ಎಂಬುದು. ಪರೀಕ್ಷೆಯಲ್ಲಿ ಹೆಚ್ಚಿನವರು ಕೊನೆಯದೊಂದನ್ನೇ ಎಣಿಸಿ, ‘ಹೆಚ್ಚು ಜನಕ್ಕೆ ಒಳ್ಳೆಯದು’ ಎಂದು ಮುಗಿಸುತ್ತಾರೆ. ಖಚಿತತೆಯನ್ನು ಬಿಟ್ಟರಂತೂ ಲೆಕ್ಕವೇ ಕೆಟ್ಟಿತು. ಹತ್ತು ಜನಕ್ಕೆ ಆಗಬಹುದಾದ ಲಾಭವನ್ನು ಒಬ್ಬನಿಗೆ ಆಗಿಯೇ ತೀರುವ ನಷ್ಟದ ಎದುರು ಹಾಗೇ ತೂಗಲಾಗದು.

ನೆನಪಿಡಲು ಒಂದು ಮಾತು: ಕರ್ತವ್ಯವಾದಿ ಎಡವುವುದು ನಿಯಮ ಬರೆದುಕೊಳ್ಳುವಾಗ, ಫಲವಾದಿ ಎಡವುವುದು ಲೆಕ್ಕ ಎಲ್ಲಿ ನಿಲ್ಲಿಸಬೇಕು ಎಂಬಲ್ಲಿ. ಮುಂದಿನ ಪ್ರಶ್ನೆಗಳಲ್ಲೂ ಇದೇ ಎದುರಾಗುತ್ತದೆ.

ಪ್ರಶ್ನೆ: ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡಳು ಎಂದು ಮಕ್ಕಳಿಗೆ ಕಲಿಸುತ್ತೇವೆ. ಮಹಾಭಾರತದಲ್ಲಿ ಕೃಷ್ಣನೇ ಸುಳ್ಳು ಹೇಳಬಹುದು ಅನ್ನುತ್ತಾನಂತೆ. ಮಕ್ಕಳಿಗೆ ಯಾವುದನ್ನು ಹೇಳಲಿ?
— ಶಾಲಾ ಶಿಕ್ಷಕಿ, ಸಾಗರ

ಉತ್ತರ: ಎರಡನ್ನೂ ಹೇಳಿ, ಆದರೆ ಸತ್ಯದ ಬೆಲೆ ತೆತ್ತವರು ಯಾರು ಎಂದು ಮಕ್ಕಳನ್ನೇ ಕೇಳಿ.

ನೀವು ಕೇಳಿರುವ ಮಾತು ಕರ್ಣಪರ್ವದಲ್ಲಿದೆ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುತ್ತೇನೆ ಎಂಬುದು ಅರ್ಜುನನ ಪ್ರತಿಜ್ಞೆ. ಕರ್ಣನ ಬಾಣಕ್ಕೆ ನೊಂದ ಧರ್ಮರಾಯ ಸಿಟ್ಟಿನಲ್ಲಿ ಅದನ್ನೇ ಅಂದುಬಿಡುತ್ತಾನೆ, ಅರ್ಜುನ ಕತ್ತಿ ಹಿರಿಯುತ್ತಾನೆ. ಆಗ ಕೃಷ್ಣ ಕೌಶಿಕನ ಕಥೆ ಹೇಳುತ್ತಾನೆ. ಕೌಶಿಕ ಸತ್ಯವನ್ನೇ ನುಡಿಯುವ ವ್ರತ ಹಿಡಿದ ಬ್ರಾಹ್ಮಣ. ದರೋಡೆಕೋರರಿಗೆ ಹೆದರಿದ ಜನ ಕಾಡು ಹೊಕ್ಕಿದ್ದನ್ನು ನೋಡಿದ್ದ. ಬೆನ್ನಟ್ಟಿ ಬಂದವರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಅವರು ಹೋಗಿ ಕೊಂದರು. ಕೌಶಿಕ ನರಕಕ್ಕೆ ಹೋದ.

ಕೃಷ್ಣ ನೇರ ಸುಳ್ಳಿಗೆ ಹಾರುವುದಿಲ್ಲ. ಸುಮ್ಮನಿದ್ದು ಪಾರಾಗುವ ಹಾಗಿದ್ದರೆ ಸುಮ್ಮನಿರು ಅನ್ನುತ್ತಾನೆ. ಮಾತಾಡಲೇಬೇಕಾದಾಗ, ಅಥವಾ ಮೌನದಿಂದಲೇ ಅನುಮಾನ ಬರುವುದಾದರೆ, ಅಲ್ಲಿ ಸುಳ್ಳು ಮೇಲು. ಕಾಂಟ್‌ಗೂ ಇದೇ ಪ್ರಶ್ನೆ ಎದುರಾಗಿತ್ತು. 1797ರಲ್ಲಿ ಫ್ರಾನ್ಸಿನ ಚಿಂತಕ ಬೆಂಜಮಿನ್ ಕಾನ್‌ಸ್ಟಂಟ್‌ಗೆ ಉತ್ತರಿಸುತ್ತ, ಮನೆಯೊಳಗೆ ಅಡಗಿರುವ ಗೆಳೆಯ ಎಲ್ಲಿ ಎಂದು ಕೊಲೆಗಾರ ಬಾಗಿಲಲ್ಲಿ ನಿಂತು ಕೇಳಿದರೂ, ಉತ್ತರಿಸದೆ ವಿಧಿಯಿಲ್ಲವಾದರೆ ಸುಳ್ಳು ಕೂಡದು ಎಂದ. ಅವನ ವಾದ: ಒಳಗಿಲ್ಲ ಎಂದು ಸುಳ್ಳು ಹೇಳಿದಿರಿ, ಅಷ್ಟರಲ್ಲಿ ಗೆಳೆಯ ಹಿಂಬಾಗಿಲಿನಿಂದ ಹೋಗಿ ಕೊಲೆಗಾರನ ಕೈಗೇ ಸಿಕ್ಕ, ಆಗ ಹೊಣೆ ನಿಮ್ಮದು. ಜಾಣ ವಾದ, ಆದರೆ ನನಗೆ ಒಪ್ಪಿಗೆಯಿಲ್ಲ. ಸುಳ್ಳಿನ ಫಲಕ್ಕೆ ಹೊಣೆ ಹೊರಿಸಿ ಸತ್ಯದ ಫಲಕ್ಕೆ ವಿನಾಯಿತಿ ಕೊಟ್ಟರೆ ತಕ್ಕಡಿಯ ಒಂದೇ ತಟ್ಟೆ ನೋಡಿದಂತೆ.

ಪುಣ್ಯಕೋಟಿ ಪಣಕ್ಕಿಟ್ಟಿದ್ದು ತನ್ನ ಪ್ರಾಣ. ಅನಾಥವಾಗುವ ಕರುವನ್ನೂ ಅವಳು ಮರೆಯಲಿಲ್ಲ. ಹಾಯಬೇಡಿ, ಒದೆಯಬೇಡಿ, ನಿಮ್ಮದೇ ಎಂದುಕೊಳ್ಳಿ ಎಂದು ಉಳಿದ ಹಸುಗಳಿಗೆ ಒಪ್ಪಿಸಿಯೇ ಗವಿಗೆ ಹೊರಟಳು. ನಿಯಮ ಪಾಲಿಸುವವರೂ ಫಲವನ್ನು ನೋಡಿಕೊಳ್ಳುವುದು ಹೀಗೆ. ಕೌಶಿಕ ತೆತ್ತದ್ದು ಪರರ ಪ್ರಾಣವನ್ನು.

ಪ್ರಶ್ನೆ: ‘ಕರ್ಮಣ್ಯೇವಾಧಿಕಾರಸ್ತೇ’ ಎಂದ ಮೇಲೆ ಗೀತೆ ಕಾಂಟ್‌ಗಿಂತ ಮೊದಲೇ ಕರ್ತವ್ಯವಾದ ಹೇಳಿತು ಎನ್ನಬಹುದೇ?
— ನಿವೃತ್ತ ಉದ್ಯೋಗಿ, ಮೈಸೂರು

ಉತ್ತರ: ಅರ್ಧ ಮಾತ್ರ. ಆ ಶ್ಲೋಕ ಎರಡನೇ ಅಧ್ಯಾಯದ 47ನೆಯದು. ಹತ್ತು ಶ್ಲೋಕ ಹಿಂದೆ, 37ರಲ್ಲಿ, ಸತ್ತರೆ ಸ್ವರ್ಗ, ಗೆದ್ದರೆ ಭೂಮಿ ಎಂದು ಫಲವನ್ನೇ ಮುಂದಿಟ್ಟು ಕೃಷ್ಣ ಅರ್ಜುನನನ್ನು ಎಬ್ಬಿಸಲು ನೋಡುತ್ತಾನೆ. ಅಲ್ಲದೆ ಕಾಂಟ್‌ನ ನಿಯಮ ಎಲ್ಲರಿಗೂ ಒಂದೇ. ಗೀತೆಯ ಸ್ವಧರ್ಮ ಕ್ಷತ್ರಿಯನಿಗೆ ಒಂದು, ಬೇರೆಯವರಿಗೆ ಇನ್ನೊಂದು.

ಪ್ರಶ್ನೆ: ಡಾ. ರಾಜ್‌ಕುಮಾರ್ ಅಪಹರಣವಾದಾಗ ಸರ್ಕಾರ ವೀರಪ್ಪನ್ ಕಡೆಯವರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಆರೋಪ ಕೈಬಿಡಲು ಹೊರಟದ್ದು ಸರಿಯೋ ತಪ್ಪೋ?
— ಓದುಗರು, ಚಾಮರಾಜನಗರ

ಉತ್ತರ: 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಅಪಹರಣ, ನವೆಂಬರ್ 15ಕ್ಕೆ ಬಿಡುಗಡೆ, 108 ದಿನ. ಸರ್ಕಾರದ್ದು ಫಲದ ವಾದ: ಅವರಿಗೆ ಏನಾದರೂ ಆದರೆ ಕನ್ನಡಿಗರು–ತಮಿಳರ ನಡುವೆ ಬೆಂಕಿ ಹತ್ತುತ್ತದೆ. 1991ರ ಕಾವೇರಿ ಗಲಭೆ ಕಂಡವರಿಗೆ ಇದು ಉತ್ಪ್ರೇಕ್ಷೆ ಅನಿಸುತ್ತಿರಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದವರು ವೀರಪ್ಪನ್ ತಂಡಕ್ಕೆ ಬಲಿಯಾದ ಸಬ್ ಇನ್‌ಸ್ಪೆಕ್ಟರ್ ಒಬ್ಬರ ತಂದೆ. ನವೆಂಬರ್ 7ರಂದು ಕೋರ್ಟು ಆರೋಪ ಹಿಂಪಡೆಯಲು ಸಿಕ್ಕಿದ್ದ ಅನುಮತಿಯನ್ನು ರದ್ದುಮಾಡಿತು.

ತಂದೆಯದು ಕರ್ತವ್ಯದ ವಾದ, ಸರ್ಕಾರದ್ದು ಫಲದ ವಾದ ಎಂದು ಗೆರೆ ಎಳೆಯುವುದು ಸುಲಭ. ಆದರೆ ಹೀಗೆ ಬಿಟ್ಟುಕೊಟ್ಟರೆ ನಾಳೆ ಇನ್ನೊಬ್ಬರನ್ನು ಹೊತ್ತೊಯ್ಯುವುದಿಲ್ಲವೇ ಎಂಬುದೂ ಫಲದ ಪ್ರಶ್ನೆಯೇ. ಸರ್ಕಾರದ ಲೆಕ್ಕ ಒಬ್ಬರ ಬಿಡುಗಡೆಗೆ ನಿಂತಿತ್ತು, ಮುಂದಿನ ವರ್ಷಗಳಿಗೆ ಹೋಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಎಚ್ಚರ ಮಾತ್ರ ಇರಲಿ. ಆರೋಪ ಕೈಬಿಡದೆಯೂ ಅಣ್ಣಾವ್ರು ಮನೆಗೆ ಬಂದರು, 2002ರಲ್ಲಿ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪ ಜೀವಂತ ಬರಲಿಲ್ಲ. ಇವೆರಡನ್ನೂ ಹಿಡಿದು ಆಗಿನ ತೀರ್ಮಾನವನ್ನು ಅಳೆಯಬೇಡಿ. ಫಲವಾದಿಯೂ ತೂಗಬೇಕಾದದ್ದು ತೀರ್ಮಾನದ ದಿನ ಗೊತ್ತಿದ್ದ ಸಂಭವಗಳನ್ನು.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್. ಹೇಳಿದರೆ ಕುಸಿದುಬಿಡುತ್ತಾರೆ, ಗಡ್ಡೆ ಎಂದಷ್ಟೇ ಹೇಳೋಣ ಎಂದು ಅಣ್ಣ. ಸುಳ್ಳು ಬೇಡ ಎಂದು ನಾನು. ಯಾರು ಸರಿ?
— ಮಗಳು, ಹಾಸನ

ಉತ್ತರ: ಅಣ್ಣ ಇಂದಿನ ಅಳುವನ್ನಷ್ಟೇ ಎಣಿಸಿದ್ದಾರೆ. ಈ ಸುಳ್ಳು ಒಂದು ಸಲ ಹೇಳಿ ಮುಗಿಯುವಂಥದ್ದಲ್ಲ. ವಾರ್ಡಿನ ಬೋರ್ಡು, ಪಕ್ಕದ ಹಾಸಿಗೆಯವರ ಮಾತು, ಕೀಮೋ ನಂತರ ತಲೆಗೂದಲು ಉದುರುವುದು, ಫೋನಿನಲ್ಲಿ ಅತ್ತುಬಿಡುವ ಚಿಕ್ಕಮ್ಮ, ಎಲ್ಲವನ್ನೂ ತಿಂಗಳುಗಟ್ಟಲೆ ಕಾಯಬೇಕು. ಅಮ್ಮನಿಗೆ ತಾವಾಗಿಯೇ ಗೊತ್ತಾದ ದಿನ ನೋವಿನ ಮೇಲೆ ಒಂಟಿತನವೂ ಸೇರುತ್ತದೆ, ಏಕೆಂದರೆ ಆಗ ಅವರೂ ಗೊತ್ತಿಲ್ಲದಂತೆ ನಟಿಸತೊಡಗುತ್ತಾರೆ. ಜಮೀನಿನ ಪತ್ರ, ಮೊಮ್ಮಗಳ ಮದುವೆ, ಯಾರಿಗೋ ಹೇಳಬೇಕೆಂದಿದ್ದ ಮಾತು, ಇವಕ್ಕೆ ಇದ್ದ ಸಮಯವೂ ಹೋಗಿರುತ್ತದೆ.

ನಿಮ್ಮ ನಿಯಮದಲ್ಲೂ ಒಂದು ಸಡಿಲು ಇದೆ. ಸುಳ್ಳು ಬೇಡ ಎಂಬುದು ಸರಿ, ಎಲ್ಲವನ್ನೂ ಇವತ್ತೇ ಹೇಳಬೇಕು ಎಂಬುದು ಅದರೊಳಗಿಲ್ಲ. ಭಾರತೀಯ ವೈದ್ಯ ಮಂಡಳಿಯ 2002ರ ನಿಯಮ ಕೂಡ ವೈದ್ಯರು ರೋಗದ ತೀವ್ರತೆಯನ್ನು ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು ಎನ್ನುತ್ತದೆ. ತಿಳಿಸಬೇಕಾದವರ ಸಾಲಿನಲ್ಲಿ ರೋಗಿಯ ಜೊತೆಗೆ ಸಂಬಂಧಿಕರನ್ನೂ ಸೇರಿಸಿದೆ. ಮನೆಯವರಿಗೆ ಮಾತ್ರ ಹೇಳುವ ರೂಢಿ ಆ ಸಂದಿನಲ್ಲೇ ಬೆಳೆಯುತ್ತದೆ.

ಕೆಟ್ಟ ಸುದ್ದಿ ತಿಳಿಸಲು ವೈದ್ಯರು ಕಲಿಯುವ ಸ್ಪೈಕ್ಸ್ ಎಂಬ ಆರು ಹಂತಗಳ ಕ್ರಮ ಇದೆ. ಎರಡನೇ ಹಂತ ರೋಗಿಗೆ ಈಗಾಗಲೇ ಏನು ಗೊತ್ತು ಎಂದು ಕೇಳುವುದು, ಮೂರನೆಯದು ಎಷ್ಟು ತಿಳಿಯಲು ಇಷ್ಟ ಎಂದು ಕೇಳುವುದು. ವಿಷಯ ಹೇಳುವುದು ನಾಲ್ಕನೆಯದು. ಮನೆಯಲ್ಲೂ ಇದೇ ಸಾಲು ಹಿಡಿಯಿರಿ. ಟಿ.ವಿ. ಆರಿಸಿ, ನೆಂಟರಿಲ್ಲದ ಹೊತ್ತಿನಲ್ಲಿ ಪಕ್ಕ ಕೂತು, ‘ಡಾಕ್ಟರು ಏನಂದರು ಅಂತ ನಿನಗೆ ಅನಿಸಿದೆ ಅಮ್ಮಾ?’ ಎಂದು ಕೇಳಿ. ‘ಎಲ್ಲಾ ನೀವೇ ನೋಡಿಕೊಳ್ಳಿ, ನನಗೆ ಹೇಳಬೇಡಿ’ ಅಂದರೆ ಅಲ್ಲಿಗೆ ನಿಲ್ಲಿಸಿ. ಅದು ಅವರ ಆಯ್ಕೆ, ಅದನ್ನು ಮನ್ನಿಸುವುದರಿಂದ ನಿಮ್ಮ ನಿಯಮ ಮುರಿಯುವುದಿಲ್ಲ. ‘ಏನೋ ದೊಡ್ಡದೇ ಇರಬೇಕು’ ಅಂದರೆ ಅವರು ಬಾಗಿಲು ತೆಗೆದಂತೆ. ಆಗ ಹೇಳಿ, ಒಂದೊಂದೇ ವಾಕ್ಯ, ಮಧ್ಯೆ ಅವರು ಮಾತಾಡಲು ಜಾಗ ಬಿಟ್ಟು. ಅಣ್ಣನೂ ಜೊತೆಗಿರಲಿ.