ಸಂಪಾದಕರ ಉತ್ತರ: ಕಾಲ್ನಡಿಗೆಯ ಸೇತುವೆಗೆ ಯಂತ್ರವೇಕೆ?

ದೋಣಿಗಳು ಓಡಾಡುವ ನದಿಗೆ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಎಂದು ಚಲಿಸುವ ಸೇತುವೆ ಕಟ್ಟುವುದು ಬರೀ ಆಡಂಬರ, ಎತ್ತರದ ಸ್ಥಿರ ಸೇತುವೆ ಕಟ್ಟಿದರೆ ಯಂತ್ರದ ಗೊಡವೆಯೇ ಇರುವುದಿಲ್ಲವಲ್ಲ ಎಂದು ಓದುಗರೊಬ್ಬರು ತುಸು ಕೋಪದಿಂದಲೇ ಬರೆದಿದ್ದಾರೆ.

ಕೋಪ ಪೂರ್ತಿ ಆಧಾರವಿಲ್ಲದ್ದಲ್ಲ. ಲಂಡನ್ನಿನ ಪ್ಯಾಡಿಂಗ್ಟನ್‌ನಲ್ಲಿ 2004ರಲ್ಲಿ ಬಂದ, ಸುರುಳಿ ಸುತ್ತಿಕೊಳ್ಳುವ 12 ಮೀಟರಿನ ಪುಟ್ಟ ಸೇತುವೆ, ದೋಣಿ ಬರಲಿ ಬಿಡಲಿ, ನಿಗದಿತ ಹೊತ್ತಿಗೆ ನೋಡುಗರಿಗಾಗಿಯೇ ಸುರುಳಿಯಾಗುತ್ತಿತ್ತು.

ಆದರೆ ಎತ್ತರದ ಲೆಕ್ಕ ಹಾಕಿ ನೋಡಿ. ಹಾಯಿಕಂಬಗಳಿಗೆ ಜಾಗ ಬಿಡಲು ಸೇತುವೆಯನ್ನು ದಡದಿಂದ 12 ಮೀಟರ್ ಎತ್ತರಿಸಿದರೆ, 20ಕ್ಕೆ 1ರ ಇಳಿಜಾರಿನಲ್ಲಿ ಎರಡೂ ದಡಗಳಲ್ಲಿ ತಲಾ 240 ಮೀಟರ್ ಏರುದಾರಿ ಬೇಕು. ಕಾರಿಗೆ ಅದು ಲೆಕ್ಕಕ್ಕಿಲ್ಲ. ಗಾಲಿಕುರ್ಚಿಯವರು ಆ ದಾರಿಗೆ ಬರುವುದೇ ಇಲ್ಲ. ತಗ್ಗಿನಲ್ಲಿ ಕಟ್ಟಿ, ಬೇಕಾದಾಗ ಸರಿಸುವ ಉಪಾಯ ಹುಟ್ಟಿದ್ದು ಇಲ್ಲಿಂದ.

ನಿಜವಾದ ತಲೆನೋವು ಬೇರೆ ಇದೆ. ಚಲಿಸಬೇಕಾದದ್ದು ಹಗುರವಾಗಿದ್ದಷ್ಟೂ ಮೋಟಾರಿಗೂ ತೂಕ ಸರಿದೂಗಿಸುವ ಪ್ರತಿಭಾರಕ್ಕೂ ಒಳ್ಳೆಯದು. ಆದರೆ ಹಗುರವಾದದ್ದು ಹೆಜ್ಜೆಗಳಿಗೆ ಬೇಗ ಓಲಾಡುತ್ತದೆ. ಲಂಡನ್ನಿನ ಮಿಲೇನಿಯಂ ಸೇತುವೆ ಚಲಿಸುವಂಥದ್ದೇನಲ್ಲ, ಆದರೂ 2000ದ ಜೂನ್‌ನಲ್ಲಿ ತೆರೆದ ಎರಡೇ ದಿನಕ್ಕೆ ಜನರ ನಡಿಗೆಗೆ ಅಡ್ಡಡ್ಡ ತೂಗಾಡಿ ಬಾಗಿಲು ಮುಚ್ಚಿತು. ಕಂಪನ ತಡೆಯುವ ಸಾಧನಗಳನ್ನು ಕೂರಿಸಿ ಮತ್ತೆ ತೆರೆದದ್ದು 2002ರಲ್ಲಿ. ಮೇಲಕ್ಕೆ ಎತ್ತುವ ಬಗೆಯಾದರೆ ನೆಟ್ಟಗೆ ನಿಂತ ಹಾಸು, ಅಂದರೆ ಜನ ನಡೆಯುವ ಭಾಗ, ಗಾಳಿಗೆ ಹಾಯಿಯಾಗುತ್ತದೆ. ಪಕ್ಕಕ್ಕೆ ತಿರುಗುವ ಬಗೆಯಲ್ಲಿ ಆ ಕಾಟ ಕಡಿಮೆ, ಆದರೆ 100 ಮೀಟರ್ ಉಕ್ಕು ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 12 ಮಿಲಿಮೀಟರ್ ಹಿಗ್ಗುತ್ತದೆ. ತುದಿಯಲ್ಲಿ ಅಷ್ಟು ಎಡೆ ಬಿಡದಿದ್ದರೆ ಬೇಸಿಗೆಯ ಮಧ್ಯಾಹ್ನ ಸೇತುವೆ ಕಚ್ಚಿಕೊಂಡು ಕೂರುತ್ತದೆ. ಆ ಎಡೆ ಸೈಕಲ್ಲಿನ ದಾರಿಗೆ ಅಡ್ಡವಾಗಿಯೇ ಇರಬೇಕು. ಉದ್ದಕ್ಕಿದ್ದರೆ ಗಾಲಿ ಸಿಕ್ಕಿಕೊಂಡೀತು.

ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 2001ರಲ್ಲಿ ತೆರೆದ ಸೇತುವೆಯ ಜಾಣತನ ನನಗೆ ಇಂದಿಗೂ ಮೆಚ್ಚುಗೆ: ಬಾಗಿದ ಹಾಸು, ಅದಕ್ಕೆ ಎದುರಾಗಿ ನಿಂತ ಕಮಾನು, ಎರಡೂ ಒಟ್ಟಿಗೆ 40 ಡಿಗ್ರಿ ವಾಲುತ್ತವೆ, ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಕೋಪನ್‌ಹೇಗನ್ನಿನ ಒಳಬಂದರಿನಲ್ಲಿ 2016ರಲ್ಲಿ ತೆರೆದ, ಎರಡೂ ಬದಿಗೆ ಸರಿಯುವ ಸೇತುವೆಯ ಬಗ್ಗೆ ಅದೇ ಮಾತು ಹೇಳಲಾರೆ. ಅಲ್ಲಿ ನೇರ ಹೋಗಬೇಕಾದ ಸೈಕಲ್ ದಾರಿ ನಡುವೆ ವಕ್ರವಾಗಿದೆ.

ಕಾಯುವವರನ್ನೂ ಮರೆಯಬಾರದು. ಇಂಗ್ಲೆಂಡಿನ ಹಲ್ ನಗರದ 2013ರ ತಿರುಗುಸೇತುವೆಯಲ್ಲಿ ಅದು ತಿರುಗುತ್ತಿರುವಾಗಲೂ ಜನ ಮೇಲೆ ನಿಂತಿರಬಹುದು. ಎಲ್ಲೆಡೆ ಅದು ಸಾಧ್ಯವಿಲ್ಲ. ಕನಿಷ್ಠ, ಇನ್ನೆಷ್ಟು ನಿಮಿಷ ಎಂದು ಹೇಳುವ ಫಲಕವಾದರೂ ಬೇಕು.

ಎತ್ತರದ ಹಡಗುಗಳು ಗಂಟೆಗೊಂದರಂತೆ ದಿನವಿಡೀ ಬರುವ ನದಿಯಾದರೆ ಮಾತ್ರ ನಿಮ್ಮ ಪಕ್ಷಕ್ಕೆ ಬರುತ್ತೇನೆ. ಆಗ ಎರಡೂ ತುದಿಗೆ ಸೈಕಲ್ ಹಿಡಿಸುವಷ್ಟು ದೊಡ್ಡ ಲಿಫ್ಟ್‌ಗಳ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಿಬಿಡಿ.