ಮಂಜೇಶ್ವರದ ಹುಡುಗರು ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ?

ಬೆಂಗಳೂರಿನವರಿಗೆ ಕಾಸರಗೋಡು ಅಂದ ಕೂಡಲೇ 1956 ನೆನಪಾಗುತ್ತದೆ. ಕೇರಳಕ್ಕೆ ಸೇರಿಹೋದ ಸಂಕಟ ಈ ಜಿಲ್ಲೆಯ ನಮ್ಮ ಮಂಜೇಶ್ವರದ ಹಿರಿಯರಿಗೆ ಇನ್ನೂ ಇದೆ, ನಿಜ. ಆದರೆ ನೀವು ಕೇಳಿದ್ದು ಈಗಿನ ಮಕ್ಕಳ ವಿಷಯ: ಬೇರೆ ಬೇರೆ ಭಾಷೆಯವರು ಇಲ್ಲಿ ಒಬ್ಬರಿಗೊಬ್ಬರು ಹೇಗೆ ಹತ್ತಿರವಾಗುತ್ತಾರೆ ಅಂತ.

ಅವರಿಗೆ ಭಾಷೆ ದೊಡ್ಡ ತೊಡಕೇನಲ್ಲ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಕಬಡ್ಡಿ ಅಂಕಣದ ಜಗಳ ಹೆಚ್ಚಾಗಿ ತುಳುವಿನಲ್ಲೇ. ಒಬ್ಬರಿಂದೊಬ್ಬರು ದೂರ ಉಳಿಯುವುದು ತರಗತಿಗಳು ಬೇರೆಯಾದ್ದರಿಂದ. ಅಂಗಳ ಒಂದೇ ಆದರೂ ಕನ್ನಡ ಮಾಧ್ಯಮಕ್ಕೆ ಒಂದು ಡಿವಿಜನ್, ಮಲಯಾಳಕ್ಕೆ ಇನ್ನೊಂದು. ವರ್ಷಗಟ್ಟಲೆ ಪಕ್ಕದ ಕೋಣೆಯಲ್ಲಿ ಕೂತವನ ಹೆಸರೇ ಗೊತ್ತಿರುವುದಿಲ್ಲ. ಕನ್ನಡ ಮಾಧ್ಯಮ ಬೇಡ ಅಂತ ಹೇಳುತ್ತಿಲ್ಲ ಮತ್ತೆ! 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂದಾಗ ಬೀದಿಗಿಳಿದವರು ನಾವು.

ಕಲೋತ್ಸವ ಹತ್ತಿರ ಬಂದಾಗ ನೋಡಬೇಕು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ತಂಡಕ್ಕೆ ಜನ ಸಾಲದಿದ್ದರೆ ಮಲಯಾಳ ಡಿವಿಜನಿನ ಹುಡುಗಿಯನ್ನೂ ಕರೆಯುತ್ತಾರೆ. ಅವಳು ಅರ್ಥವನ್ನು, ಅಂದರೆ ಪಾತ್ರ ಆಡುವ ಮಾತನ್ನು, ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾಳೆ. ಉಚ್ಚಾರ ತಪ್ಪಿದರೆ ಬೆಂಚಿನ ಮೇಲೆ ತಾಳ ಕುಟ್ಟುತ್ತಿದ್ದ ಹುಡುಗ ನಿಲ್ಲಿಸಿ ತಿದ್ದುತ್ತಾನೆ. ಮರುದಿನ ಅವಳ ಒಪ್ಪನ (ಮಾಪ್ಪಿಳ ಮುಸ್ಲಿಮರ ಮದುವೆಯ ಹಾಡು-ಕುಣಿತ) ತಂಡ ಅಭ್ಯಾಸ ಮಾಡುವಾಗ ಅದೇ ಹುಡುಗ ಕಿಟಕಿಯಲ್ಲಿ ನಿಂತು ನೋಡುತ್ತಾನೆ.

ಹಿರಿಯರು ಕಟ್ಟಿದ ಸಂಬಂಧಗಳೂ ಇವೆ. ಇಲ್ಲಿನ ಉದ್ಯಾವರ ಮಾಡದ (ದೈವಸ್ಥಾನದ) ಉತ್ಸವಕ್ಕೆ ಮೊದಲು ದೈವ ಮೈಮೇಲೆ ಬರುವ ಪಾತ್ರಿಗಳು ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಡುತ್ತಾರೆ. ಪೇಪರಿನವರಿಗೆ ಆ ಫೋಟೋ ಬಹಳ ಇಷ್ಟ. ಒಳ್ಳೆಯದೇ. ಆದರೆ ಹದಿನೇಳರ ಹುಡುಗ ಅಲ್ಲಿ ಸುಮ್ನೆ ನಿಂತು ನೋಡುವವನು. ಯಕ್ಷಗಾನದ ತಂಡದಲ್ಲಾದರೆ ಅವನಿಗೊಂದು ಕೆಲಸವಿರುತ್ತದೆ.

ಈಗ ಬಂಗಾಳ, ಅಸ್ಸಾಂ, ಬಿಹಾರದ ಹುಡುಗರು ಬಂದಿದ್ದಾರೆ. ಕಟ್ಟಡ ಕೆಲಸ, ಹೋಟೆಲ್, ತೋಟ, ಎಲ್ಲೆಲ್ಲೂ ಅವರೇ. ನಮ್ಮ ಕ್ಲಬ್ಬಿನ ಹುಡುಗರದ್ದೇ ಪ್ರಾಯ. ಆದರೂ ಎಲ್ಲರೂ ಬರೀ 'ಭಾಯಿ', ಹೆಸರು ಕೇಳುವವರಿಲ್ಲ. ಸಪ್ತಭಾಷೆಯ ನಾಡು ಅಂತ ಸ್ಟೇಜಿನಲ್ಲಿ ಹೇಳಿಕೊಳ್ಳುವ ನಮಗೆ ಎಂಟನೆಯದು ಕಿವಿಗೇ ಬಿದ್ದಿಲ್ಲ. ಭಾನುವಾರ ಸಂಜೆ ವಾಲಿಬಾಲಿಗೆ ಒಬ್ಬ ಕಮ್ಮಿಯಾದರೆ ಕರೆಯುತ್ತೇವೆ, ಟೂರ್ನಮೆಂಟಿನ ಜೆರ್ಸಿ ಹಂಚುವಾಗ ಮರೆಯುತ್ತೇವೆ.

ಇವರನ್ನೂ ಕ್ಲಬ್ಬಿಗೆ ಸೇರಿಸಿ ಅಂತ ನಾನು ಹೇಳುತ್ತಲೇ ಇದ್ದೇನೆ. "ನಾಳೆ ಊರಿಗೆ ಹೋಗುವವರು, ಯಾಕೆ ಸುಮ್ನೆ?" ಅನ್ನುತ್ತಾರೆ. ನಮ್ಮ ಅರ್ಧ ಮೆಂಬರುಗಳು ದುಬೈಯಲ್ಲೇ ಇರುವುದಲ್ವಾ? ಅವರ ಹೆಸರೇನು ಹೊಡೆದುಹಾಕಿದ್ದೇವಾ?