ರಾತ್ರಿ ಕೂತು ಟೀಮಿನ ಕೆಲ್ಸ ತಿದ್ದೋ ಬಾಸ್

ಪ್ರಶ್ನೆ: ಮೇಡಂ, ಎಂಟು ವರ್ಷ ಜೊತೇಲೇ ಕೆಲ್ಸ ಮಾಡಿದ ಟೀಮಿಗೇ ಈಗ ನನ್ನನ್ನ ಮ್ಯಾನೇಜರ್ ಮಾಡಿದಾರೆ. ಆರು ಜನ. ಅವ್ರ ರಿಪೋರ್ಟ್ ಸರಿ ಇರಲ್ಲ, ಹೇಳಿದ್ರೆ ಬೇಜಾರ್ ಮಾಡ್ಕೋತಾರೆ ಅಂತ ರಾತ್ರಿ ನಾನೇ ಕೂತು ತಿದ್ದಿ ಕಳಿಸ್ತೀನಿ. ಇಷ್ಟಾದ್ರೂ ನಾನು ಹತ್ರ ಹೋದ್ರೆ ಮಾತು ನಿಲ್ಲಿಸ್ಬಿಡ್ತಾರೆ. ಬಾಸ್ ಆಗೋಕೆ ನಾನು ಲಾಯಕ್ಕಿಲ್ವಾ?

ಉತ್ತರ: ಲಾಯಕ್ಕಿನ ಮಾತು ಆಮೇಲೆ, ಮೊದ್ಲು ಆ ರಾತ್ರಿ ತಿದ್ದೋದು ನಿಲ್ಸಿ. ನೀವು ಒಳ್ಳೇದಕ್ಕೇ ಮಾಡ್ತಿರೋದು ನಿಜ, ಆದ್ರೆ ಬೆಳಗ್ಗೆ ತನ್ನ ರಿಪೋರ್ಟ್ ಗುರುತೇ ಸಿಗದಂಗೆ ಬದಲಾಗಿರೋದು ನೋಡಿದೋರಿಗೆ ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗಲ್ಲ, ಮುಂದಿನ ಸಲ ಹೆಂಗೂ ಅವ್ರೇ ತಿದ್ಕೋತಾರೆ ಅಂತ ಅರೆಬರೆ ಮಾಡಿ ಕೊಡ್ತಾರೆ, ನೀವು ಇನ್ನೂ ಲೇಟಾಗಿ ಮಲಗ್ತೀರ. ನಾನೂ ಬಾಸ್ ಆದ ಹೊಸದ್ರಲ್ಲಿ ಇದೇ ಮಾಡ್ದೋಳು. ನನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ ಅನ್ನೋ ಜಂಬ ಇತ್ತು, ಅದನ್ನ ಕಾಳಜಿ ಅಂತ ಕರೀತಿದ್ದೆ! ಗೂಗಲ್‌ನವ್ರು ಒಮ್ಮೆ ತಮ್ಮ ಒಳ್ಳೆ ಮ್ಯಾನೇಜರ್‌ಗಳ ಎಂಟು ಗುಣ ಹುಡುಕಿ ಪಟ್ಟಿ ಮಾಡಿದ್ರು, ಕೆಲ್ಸ ಕಲಿಸಿ ಬೆಳೆಸೋದು ಮೊದ್ಲು ಬಂತು, ಟೆಕ್ನಿಕಲ್ ಜಾಣತನ ಕೊನೇಲಿ.

ನೀವು ಬಂದಾಗ ಮಾತು ನಿಲ್ಲೋದಕ್ಕೆ ತಲೆ ಕೆಡಿಸ್ಕೋಬೇಡಿ. ಅವ್ರ ರಜೆ, ಇನ್‌ಕ್ರಿಮೆಂಟ್ ಈಗ ನಿಮ್ಮ ಕೈಲಿದೆ, ಬಾಸನ್ನ ಬೈಕೊಳ್ಳೋಕೂ ಜಾಗ ಬೇಕಲ್ವಾ, ನೀವೂ ಬೈದಿರ್ತೀರ. ತಪ್ಪಾದಾಗ ನಿಮ್ ಹತ್ರ ಬಂದು ಹೇಳ್ತಾರಾ ಇಲ್ವಾ, ಅದನ್ನ ನೋಡಿ. ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗೋ ತಪ್ಪುಗಳನ್ನ ಅಧ್ಯಯನ ಮಾಡಿದ್ರು. ಒಳ್ಳೆ ಟೀಮಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದ್ಕೊಂಡಿದ್ರೆ ಲೆಕ್ಕದಲ್ಲಿ ಅಲ್ಲೇ ಜಾಸ್ತಿ ಕಾಣ್ತು, ಯಾಕಂದ್ರೆ ಅಲ್ಲಿನೋರು ತಪ್ಪನ್ನ ಮುಚ್ಚಿಡದೆ ಬಾಯಿಬಿಟ್ಟು ಹೇಳ್ತಿದ್ರು. ಯಾರಾದ್ರೂ ಬಂದು ಡೆಡ್‌ಲೈನ್ ತಪ್ಪುತ್ತೆ ಅಂದಾಗ ನೀವು ಮುಖ ಸಿಂಡರಿಸಿದ್ರೆ ಮುಗೀತು, ಇನ್ನೊಂದ್ಸಲ ಆ ಸುದ್ದಿ ಡೆಡ್‌ಲೈನ್ ದಾಟಿದ್ಮೇಲೇ ಬರೋದು.

ನಾಳೆ ಒಬ್ರನ್ನ ಪಕ್ಕದಲ್ಲಿ ಕೂರಿಸ್ಕೊಳಿ, ಎಲ್ಲರೆದುರು ಬೇಡ. ಒಂದು ರಿಪೋರ್ಟ್, ಅದ್ರಲ್ಲಿ ಒಂದೋ ಎರಡೋ ತಪ್ಪು ತೋರ್ಸಿ, ಕೀಬೋರ್ಡ್ ಮಾತ್ರ ಮುಟ್ಟಬೇಡಿ, ಕೈ ತುರಿಸುತ್ತೆ, ಗೊತ್ತು. ಮೊದಲ ಕೆಲವು ವಾರ ರಿಪೋರ್ಟ್ ಸ್ವಲ್ಪ ಒರಟಾಗೇ ಹೋಗುತ್ತೆ, ನಿಮ್ಮ ಮೇಲಿನೋರಿಗೆ ಈಗ್ಲೇ ಒಂದ್ ಮಾತು ಹೇಳಿಟ್ಟಿರಿ.